ಹನ್ನೊಂದರ ಅಂಗಿ

ಅಮೆರಿಕನ್ ಫುಟ್‌ಬಾಲ್ ಆಟದ ಒಳಗುಟ್ಟು ಬಲ್ಲವರು ನಮ್ಮ ವಾಲ್ಡ್ರನ್ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಅವರನ್ನೆಲ್ಲ ಬಿಟ್ಟು ನಾನು ಹೇಳಹೊರಟದ್ದು ಅಧಿಕಪ್ರಸಂಗ ಎನಿಸಿದರೆ ಕ್ಷಮೆಯಿರಲಿ. ಏಪ್ರಿಲ್ ತಿಂಗಳ ಆ ಶನಿವಾರ ಆರ್ಡಿಸ್ ಕ್ರೂಗರ್ ಮಾಡಿದ್ದನ್ನು ಊರು ಬೇರೆಯದೇ ರೀತಿಯಲ್ಲಿ ಹೇಳಿಕೊಂಡು ಬಂದಿದೆ. ಅದಕ್ಕೇ ಈ ಧೈರ್ಯ.

ಕಾಲೇಜು ಮೈದಾನದ ಬೇಲಿಗೆ ಬೆನ್ನು ಮಾಡಿ ವರ್ಲಿನ್ ತನ್ನ ಪಿಕಪ್ ವಾಹನ ನಿಲ್ಲಿಸಿ ಹಿಂಬಾಗಿಲು ಇಳಿಸಿದ್ದ. ಅದರ ಮೇಲೆ ವರ್ಲಿನ್, ಅವನ ಬಾಲ್ಯದ ಗೆಳೆಯ ಗೋರ್ಡಿ, ಇಬ್ಬರ ನಡುವೆ ಆರ್ಡಿಸ್. ಬೀನ್ಸ್ ಮತ್ತು ಮಾಂಸದ ಖಾರದ ಸಾರಿಗೆ ದಾಲ್ಚಿನ್ನಿ ಬನ್ನು ಅದ್ದಿಕೊಂಡು ತಿನ್ನುತ್ತಾ ಮೂವರೂ ಅಭ್ಯಾಸ ಪಂದ್ಯ ನೋಡುತ್ತಿದ್ದರು. ಊರಿಗೆ ಊರೇ ಬಂದಿದ್ದದ್ದು ಒಬ್ಬನಿಗಾಗಿ. ಚೆಂಡು ಎಸೆದು ಇಡೀ ತಂಡವನ್ನು ನಡೆಸಬೇಕಾದ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಟೆಕ್ಸಾಸ್‌ನಿಂದ ಹೊಸದಾಗಿ ಕರೆತಂದ ಹುಡುಗ, ಮಲಕೈ ಪ್ರೂಯಿಟ್.

"ಆ ಭುಜ ನೋಡ್ರೋ, ಭುಜ!" ವರ್ಲಿನ್ ಬನ್ನು ಹಿಡಿದ ಕೈಯನ್ನೇ ಚಾಚಿದ. "ಎಸೆಯೋಕೆ ಮುಂಚೆ ಒಂದ್ಸಲ ಜಗ್ಗುತ್ತಲ್ಲ, ಥೇಟ್ ನಮ್ಮ ಲೈಲ್!"

"ಆ ಒಕ್ಲಹೋಮಾದವ್ನು ಬಂದಾಗ್ಲೂ ಹೀಗೇ ಒದರಿದ್ದೆ. ಈಗ ಅವ್ನು ಟ್ರ್ಯಾಕ್ಟರ್ ಮಾರ್ತಾ ಇದಾನೆ," ಎಂದ ಗೋರ್ಡಿ.

"ಅವ್ನಿಗೂ ಭುಜ ಚೆನ್ನಾಗೇ ಇತ್ತು ಕಣೋ. ತಲೆ ಇರ್ಲಿಲ್ಲ."

"ನಿನಗೆ ಎರಡೂ ಇಲ್ಲ. ನಿನ್ನ ನಾವು ಸಹಿಸ್ಕೊಂಡಿಲ್ವಾ?"

ಆರ್ಡಿಸ್ ನಕ್ಕಳು. ಲೈಲ್ ಅವಳ ಗಂಡ. ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಇದೇ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಅವನು ತೊಟ್ಟ ಹನ್ನೊಂದನೆಯ ನಂಬರಿನ ಅಂಗಿಯನ್ನು ಅವನ ನಂತರ ಕಾಲೇಜು ಯಾರಿಗೂ ಕೊಟ್ಟಿರಲಿಲ್ಲ. ಮಲಕೈ ಶಾಲೆಯಲ್ಲಿ ಆಡಿದ್ದು ಅದೇ ನಂಬರಿನಲ್ಲಂತೆ. ಇಲ್ಲಿಯೂ ಅದನ್ನೇ ಕೇಳಿದ್ದ. ಹಿಂದೆ ಅದನ್ನು ತೊಟ್ಟವನ ಮನೆಯವರು ಒಪ್ಪಿದರೆ ಮಾತ್ರ ಕೊಡುವುದು ಅಲ್ಲಿಯ ಪದ್ಧತಿ. ಪಂದ್ಯ ಮುಗಿದ ಮೇಲೆ ಕೋಚ್ ಬಂದು ಉತ್ತರ ಕೇಳುವವನಿದ್ದ.

"ಕೊಟ್ಟುಗಿಟ್ಟೀಯ ಮತ್ತೆ," ಎಂದ ಗೋರ್ಡಿ. "ಅದು ಲೈಲ್‌ದು."

"ಕೊಡ್ಲಿ ಬಿಡೋ. ಸಾಯೋದ್ರೊಳಗೆ ಆ ಎಸೆತ ಇನ್ನೊಂದ್ಸಲ ನೋಡ್ಬೇಕು ನಾನು."

ಆರ್ಡಿಸ್‌ಗೂ ಕೊಡುವ ಮನಸ್ಸೇ ಇತ್ತು. ಅಷ್ಟರಲ್ಲಿ ಮೈದಾನದಲ್ಲಿ ಹುಡುಗನ ಭುಜ ಜಗ್ಗಿತು, ಚೆಂಡು ಮೇಲೆದ್ದಿತು, ಅವಳಿಗೆ ಹಳೆಯ ಪಂದ್ಯವೊಂದು ಕಣ್ಣಮುಂದೆ ಬಂತು. ಲೈಲ್ ಕಾಲೇಜಿನಲ್ಲಿದ್ದ ಕಾಲ; ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ಅವಳು ಅವನ ಕೋಟು ಹೊದ್ದು ಪ್ರೇಕ್ಷಕರ ಮೆಟ್ಟಿಲ ಮೇಲೆ ನಿಂತಿದ್ದಳು. ಕೊನೆಯ ಗಳಿಗೆಯಲ್ಲಿ ಅವನೆಸೆದ ಚೆಂಡು ಹಿಮದೊಳಗೆ ಕಾಣದಾಗಿ, ಮತ್ತೆ ಅದು ಅವನದೇ ತಂಡದವನ ಕೈಯಲ್ಲಿ ಕಂಡಾಗ ಊರು ಕೂಗಿದ ಕೂಗು! ಆ ನಂಬರು ಆ ಹುಲ್ಲಿನ ಮೇಲೆ ಇನ್ನೊಮ್ಮೆ ಓಡುವುದನ್ನು ಕಣ್ತುಂಬ ನೋಡಬೇಕೆಂಬ ಆಸೆ ಅವಳಿಗೆ ವರ್ಲಿನ್‌ಗಿಂತ ಹೆಚ್ಚಿಗೆ ಇತ್ತು.

ಪಂದ್ಯ ಮುಗಿಯಿತು. ಕೋಚ್ ಹುಡುಗನನ್ನೂ ಜೊತೆಗೇ ಕರೆತಂದ. ಬೆವರಿದ ಮುಖ, ಆಗಷ್ಟೇ ಮೂಡುತ್ತಿರುವ ಮೀಸೆ.

"ಬಾರಪ್ಪ, ಮರಿ ಲೈಲ್!" ಎಂದು ವರ್ಲಿನ್ ಜಿಗಿದೆದ್ದ. ಹುಡುಗ ನಾಚಿ ನಕ್ಕು ಆರ್ಡಿಸ್‌ಗೆ ತಲೆಬಾಗಿಸಿದ. "ನಮಸ್ಕಾರ, ಮ್ಯಾಮ್."

"ಏನು ಓದ್ಬೇಕು ಅಂತಿದೀಯ, ಮಗು?"

"ದನಗಳ ಡಾಕ್ಟರ್ ಆಗ್ಬೇಕು ಅಂತ, ಮ್ಯಾಮ್. ನಮ್ಮ ತಾತನ ಹತ್ರ..."

"ಅದೆಲ್ಲ ಇರ್ಲಿ," ವರ್ಲಿನ್ ನಡುವೆ ಬಾಯಿ ಹಾಕಿದ. "ನಲವತ್ತು ಗಜ ಗುರಿಯಿಟ್ಟು ಎಸೀತೀಯಾ? ಹಿಮದಲ್ಲಿ?"

ತಾತನ ಮಾತು ಅಲ್ಲಿಗೇ ನಿಂತಿತು. ಹುಡುಗ ವಿಧೇಯನಾಗಿ ಗಜಗಳ ಲೆಕ್ಕಕ್ಕೆ ಹೊರಳಿದ. ಆರ್ಡಿಸ್‌ಗೆ ಲೈಲ್‌ನ ಬಡಗಿ ಅಂಗಡಿ ನೆನಪಾಯಿತು. ಊರಿನ ಅರ್ಧ ಅಡುಗೆಮನೆಗಳ ಕಪಾಟು ಮಾಡಿದವನು ಅವನು. ಬಂದವರು ಮರ ಮುಟ್ಟಿಯೂ ನೋಡುತ್ತಿರಲಿಲ್ಲ. ಆ ಎಸೆತದ ಕಥೆ ಹೇಳು ಎನ್ನುತ್ತಿದ್ದರು. ಅವನು ನಗುನಗುತ್ತಲೇ ಹೇಳುತ್ತಿದ್ದ. ಕಾಯಿಲೆಯ ದಿನಗಳಲ್ಲಿ ಒಮ್ಮೆ ಮಾತ್ರ ಅವಳನ್ನು ಕೇಳಿದ್ದ: "ಆ ಚೆಂಡು ಕೆಳಗಿಳಿದ್ಮೇಲೂ ನಾನು ಬದುಕಿದ್ದೆ ಅಂತ ಈ ಊರಲ್ಲಿ ಯಾರಿಗಾದ್ರೂ ಗೊತ್ತಾ, ಆರ್ಡಿಸ್?"

"ಏನಂತೀರಿ, ಮಿಸೆಸ್ ಕ್ರೂಗರ್?" ಎಂದ ಕೋಚ್.

"ಬೇಡ," ಎಂದಳು ಆರ್ಡಿಸ್. "ಆ ನಂಬರು ಬೇಡ ಇವನಿಗೆ."

ಗೋರ್ಡಿ ಟೋಪಿ ತೆಗೆದು ಎದೆಗೊತ್ತಿಕೊಂಡ. ವರ್ಲಿನ್ ಕೂಡ ಕಣ್ಣೊರೆಸಿಕೊಂಡು, "ಸರಿಯಾಗಿ ಹೇಳ್ದೆ ಬಿಡು. ಲೈಲ್‌ದು ಲೈಲ್‌ಗೇ ಇರ್ಲಿ," ಎಂದ. ಪಕ್ಕದ ವಾಹನಗಳವರು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಆರ್ಡಿಸ್ ಹುಡುಗನ ತೋಳು ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಅವನು ಮೆಲ್ಲಗೆ ತೋಳು ಬಿಡಿಸಿಕೊಂಡು, "ಪರವಾಗಿಲ್ಲ, ಮ್ಯಾಮ್," ಎಂದು ಹೊರಟೇಹೋದ.

ಶರತ್ಕಾಲದಲ್ಲಿ ಅವನು ಆರನೆಯ ನಂಬರು ತೊಟ್ಟು ಆಡಿದ, ಚೆನ್ನಾಗಿಯೇ ಆಡಿದ. ಆರ್ಡಿಸ್ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಅವಳು ತನ್ನನ್ನು ಆ ಅಂಗಿಗೆ ಯೋಗ್ಯನಲ್ಲವೆಂದು ತಳ್ಳಿಹಾಕಿದಳೆಂದೇ ಅವನು ತಿಳಿದುಕೊಂಡನೋ, ಅಥವಾ ಎಂದಾದರೂ ಬೇರೇನಾದರೂ ಹೊಳೆಯಿತೋ, ಗೊತ್ತಿಲ್ಲ. ಬೇಲಿಯತ್ತ ಅವನು ಮತ್ತೆ ತಿರುಗಿ ನೋಡಿದ್ದನ್ನು ಕಂಡವರಿಲ್ಲ.