ಫ್ಯಾನಿಲ್ಲದ ಮನೆ

ತಪಾಸಣೆಯವನು ಒಳಗೆ ಕಾಲಿಡುತ್ತಲೇ ಮೊದಲು ನೋಡಿದ್ದು ಮನುಷ್ಯರನ್ನಲ್ಲ, ಸೂರನ್ನು. ಬೆಳಿಗ್ಗೆಯೇ ಬರುತ್ತೇನೆಂದು ಹೇಳಿ ಕಳಿಸಿದ್ದವನು ಬಂದದ್ದು ಮಟಮಟ ಮಧ್ಯಾಹ್ನಕ್ಕೆ. ತಗಡು ಕಾದು ಕೋಣೆ ಬಾಣಲೆಯಾಗಿತ್ತು. ಮಂಚದ ಮೇಲೆ ಅತ್ತೆ ದಿಂಬಿಗೆ ಒರಗಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆದುಕೊಳ್ಳುತ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಸೊಸೆ ರಜೆ ಹಾಕಿ, ಒಂದು ರಟ್ಟು ಹಿಡಿದು, ಬೆಳಗಿನಿಂದ ಗಾಳಿ ಬೀಸಿ ಬೀಸಿ ಸಾಕಾಗಿದ್ದಳು.

ನಿಯಮ ಸರಳವಾಗಿತ್ತು. ಮನೆಯಲ್ಲಿ ಫ್ಯಾನ್ ಇದ್ದರೆ ಆ ಮನೆಯವರು ಬಡವರಲ್ಲ. ಬಡವರಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇಲ್ಲ. ಅತ್ತೆಗೆ ಬಹಳ ವರ್ಷದ ದಮ್ಮು. ಎಳೆದುಕೊಳ್ಳುವ ಔಷಧಿ ಆ ಆಸ್ಪತ್ರೆಯಿಂದಲೇ ಬರಬೇಕು, ಹೊರಗೆ ಕೊಳ್ಳುವ ಮಾತೇ ಇಲ್ಲ. ಅದೇ ಆಸ್ಪತ್ರೆಯ ಡಾಕ್ಟರು, ‘ಮುದುಕಿಗೆ ಚೆನ್ನಾಗಿ ಗಾಳಿ ಆಡೋ ಹಾಗೆ ನೋಡ್ಕೊಳ್ಳಮ್ಮಾ’ ಎಂದದ್ದಕ್ಕೇ ಸೊಸೆ ಓವರ್‌ಟೈಮ್ ಮಾಡಿ ಫ್ಯಾನ್ ತಂದು ಹಾಕಿಸಿದ್ದಳು. ಈಗ ಗಾಳಿ ಬೇಕೆಂದರೆ ಔಷಧಿ ಇಲ್ಲ, ಔಷಧಿ ಬೇಕೆಂದರೆ ಗಾಳಿ ಇಲ್ಲ. ಇಂಥ ನಿಯಮ ಮಾಡಿದವರು ಫ್ಯಾನಿನ ಕೆಳಗಂತೂ ಕೂತಿರಲಿಕ್ಕಿಲ್ಲ. ಅವರಿಗೆ ಏಸಿ ಇದ್ದೀತು.

ಹಾಗಾಗಿ ಹಿಂದಿನ ಸಂಜೆಯೇ ಫ್ಯಾನು ಪಕ್ಕದ ಇಸ್ತ್ರಿಯವನ ಮನೆ ಸೇರಿತ್ತು. ಅವನ ಮನೆಯ ತಪಾಸಣೆ ಮುಗಿದು, ಅವನು ಬಡವನೆಂದು ಖಾತ್ರಿಯಾಗಿತ್ತು. ಅಂದಿನಿಂದ ಓಣಿಯ ಫ್ಯಾನುಗಳು, ಮಿಕ್ಸಿಗಳು, ಯಾರದೋ ಒಂದು ಹಳೆಯ ಫ್ರಿಜ್ಜು ಎಲ್ಲವೂ ಅವನಲ್ಲಿಗೇ ವಲಸೆ ಹೋಗಿದ್ದವು. ಆ ಸಿರಿವಂತಿಕೆಯ ನಡುವೆ ಕಾಲು ಚಾಚಲು ಜಾಗವಿಲ್ಲದೆ ಇಸ್ತ್ರಿಯವನು ಬಾಗಿಲಾಚೆ ಬೀದಿಯಲ್ಲಿ ಮಲಗುತ್ತಿದ್ದ.

“ಫ್ಯಾನ್ ಇಲ್ವಾ?” ತಪಾಸಣೆಯವನು ಕೇಳಿದ.

“ಇಲ್ಲ ಸಾರ್.”

“ಫ್ಯಾನ್ ಇಲ್ವಾ?” ಕುರ್ಚಿಯಲ್ಲಿ ಕುಸಿದು ಮತ್ತೊಮ್ಮೆ ಕೇಳಿದ. ಮೊದಲ ಸಲ ಕೇಳಿದ್ದು ಸರ್ಕಾರದ ಪರವಾಗಿ, ಎರಡನೆಯ ಸಲ ತನ್ನ ಬೆವರಿನ ಪರವಾಗಿ. ಅಂಗಿ ಬೆನ್ನಿಗೆ ಅಂಟಿತ್ತು, ಚಪ್ಪಲಿಯ ಹಿಮ್ಮಡಿ ಸವೆದು ಹಾಳೆಯಾಗಿತ್ತು. ಸೊಸೆಗೆ ಅಯ್ಯೋ ಅನ್ನಿಸಿತು. ರಟ್ಟನ್ನು ತುಸು ಅತ್ತ ತಿರುಗಿಸಿ, ಅತ್ತೆಗೊಂದು ಪಾಲು, ಅವನಿಗೊಂದು ಪಾಲು ಗಾಳಿ ಬೀಸತೊಡಗಿದಳು.

ಅವನು ತಲೆಯೆತ್ತಿ ಕಬ್ಬಿಣದ ಪೈಪಿಗೆ ಬಿಗಿದಿದ್ದ ಕೊಕ್ಕೆ ನೋಡಿದ. “ಅದ್ಯಾಕೆ?”

“ತೊಟ್ಟಿಲು ಕಟ್ಟೋಕೆ ಸಾರ್.” ಈ ಉತ್ತರವನ್ನು ಓಣಿಯ ಹೆಂಗಸರೆಲ್ಲ ಸೇರಿ ಗಟ್ಟಿಮಾಡಿಕೊಂಡಿದ್ದರು.

“ಮಗು ಎಲ್ಲಿ?”

ಸೊಸೆ ತಡವರಿಸುವಷ್ಟರಲ್ಲಿ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಅತ್ತೆ ಬಾಯಿ ಹಾಕಿದಳು. “ಕಾಲೇಜಿಗೆ ಹೋಗಿದೆ ಕಣಪ್ಪ.”

ತಪಾಸಣೆಯವನು ನಗಲಿಲ್ಲ, ಆದರೆ ನಗು ತಡೆಯಲು ಮೀಸೆ ಒರೆಸಿಕೊಂಡ. ಆಮೇಲೆ ಅವನ ಕಣ್ಣು ಗೋಡೆಯ ಮೇಲೆ ಇಳಿದು, ಸ್ವಿಚ್ಚುಗಳ ಪಕ್ಕದ ರೆಗ್ಯುಲೇಟರ್ ಮೇಲೆ ನಿಂತಿತು. ಫ್ಯಾನ್ ಬಿಚ್ಚುವ ಅವಸರದಲ್ಲಿ ಅದನ್ನು ಮರೆತೇಬಿಟ್ಟಿದ್ದರು. ಅದೇ ಹೊತ್ತಿಗೆ ಅತ್ತೆಗೆ ಕೆಮ್ಮು ಕೆರಳಿ, ಮುದುಕಿ ಮಂಚದ ಪಟ್ಟಿ ಹಿಡಿದುಕೊಂಡು ಬಾಗಿದಳು. ಎದೆಯೊಳಗೆ ಸೀಟಿ ಊದಿದಂತೆ ಸದ್ದು. ಸೊಸೆ ಬೆನ್ನು ನೀವಿದಳು, ನೀರು ಕುಡಿಸಿದಳು. ಗೋಡೆಯಾಚೆ ಒಂದು ಮಾರು ದೂರದಲ್ಲಿ ಫ್ಯಾನು ಸುಮ್ಮನೆ ಬಿದ್ದಿದೆಯಲ್ಲ ಎಂದು ಅವಳಿಗೆ ಅಳುವೇ ಬಂತು. ‘ಹಾಳಾಗಿ ಹೋಗಲಿ, ತಂದು ಹಾಕಿಬಿಡೋಣ’ ಎಂದು ಬಾಗಿಲವರೆಗೂ ಹೋದಳು. ಮುಂದಿನ ತಿಂಗಳ ಔಷಧಿ ನೆನಪಾಗಿ ಹಿಂದೆ ಬಂದಳು.

ಕೆಮ್ಮು ಇಳಿಯುವವರೆಗೂ ತಪಾಸಣೆಯವನು ನೆಲ ನೋಡುತ್ತ ಕೂತಿದ್ದ. ಕೊನೆಗೆ ಮೊಬೈಲಿನಲ್ಲಿ ಏನನ್ನೋ ಒತ್ತಿದ.

“ಇಲ್ಲ ಅಂತ ಹಾಕಿದ್ದೀನಮ್ಮ.”

ಸೊಸೆಗೆ ಕೈ ಮುಗಿಯಬೇಕೋ ಕೂತು ಅಳಬೇಕೋ ತಿಳಿಯಲಿಲ್ಲ. “ಹಂಗಾದ್ರೆ ಇವತ್ತು ಸಂಜೆ...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಸಂಜೆ ಬೇಡ,” ಎಂದ ಅವನು, ಏನೂ ಕೇಳಿಸಿಕೊಳ್ಳದವನಂತೆ ಬಾಗಿಲ ಕಡೆ ನೋಡುತ್ತ. “ಮೇಲಿನವರು ಮರುತಪಾಸಣೆಗೆ ಬರ್ತಾರೆ. ಯಾವತ್ತು ಅಂತ ನಮಗೂ ಹೇಳಲ್ಲ. ಅವರು ಬಂದು ಹೋಗೋವರೆಗೂ ಹಿಂಗೇ ಇರ್ಲಿ. ಗೋಡೆ ಮೇಲಿರೋ ಅದನ್ನೂ ಬಿಚ್ಚಿಡಿ. ಅವರು ನನ್ನ ಹಾಗಲ್ಲ.”

“ಬೇಸಿಗೆ ಕಳಿಯೋದ್ರೊಳಗೆ ಬರ್ತಾರಾ ಸಾರ್?”

“ಬಂದ್ರೂ ಬರಬಹುದು.” ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಅವನು ಎದ್ದ. ಎದ್ದವನು ಕೊನೆಯ ಪ್ರಶ್ನೆಯೊಂದು ಬಾಕಿಯಿದ್ದದ್ದು ನೆನಪಾಗಿ, ಇನ್ನೂ ಏದುತ್ತಿದ್ದ ಮುದುಕಿಯ ಕಡೆ ತಿರುಗಿದ. “ಅಜ್ಜಿ, ಮನೇಲಿ ಬೇರೆ ಏನಾದ್ರೂ ಇದೆಯಾ?”

ಮುದುಕಿ ತಡವಾಗಿ, ತಡೆದು ತಡೆದು ಹೇಳಿದಳು.

“ಒಂಚೂರು ಉಸಿರಿದೆ ಕಣಪ್ಪ. ಅದೂ ಇರಬಾರದು ಅಂದ್ರೆ ಹೇಳು, ಪಕ್ಕದ ಮನೇಲಿ ಇಟ್ಟು ಬರ್ತಾಳೆ.”