ಉಡಿದಾರ

"ಅರೆಸ್ಟ್ ಗಿರೆಸ್ಟ್ ಎಂತದ್ದೂ ಇಲ್ಲ ಅಕ್ಕ, ಬರೀ ವಿಚಾರಣೆ. ಸಂಜೆ ಬಸ್ಸಿಗೆ ಬಾಳಾ ಬರ್ತಾನೆ, ನೀವು ಅವರ್ಸಾಕ್ಕೆ, ನಿಮ್ಮೂರಿಗೆ ಹೋಗಿ," ಎನ್ನುತ್ತ ಪೇದೆ ಗಂಗೂನ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟ. "ಗಂಡನ ಸಾಮಾನು. ಜೋಪಾನ."

ಇಷ್ಟು ಸಿಹಿಯಾಗಿ ಮಾತಾಡುವ ಪೊಲೀಸನನ್ನು ಗಂಗೂ ಕಂಡಿರಲಿಲ್ಲ. ಠಾಣೆಯ ಮೆಟ್ಟಿಲ ಮೇಲೆಯೇ ಚೀಲ ಬಿಚ್ಚಿದಳು. ಮೊಬೈಲು, ಬೈಕಿನ ಚಾವಿ, ಬೆಲ್ಟು. ಎಲ್ಲದರ ಅಡಿಯಲ್ಲಿ ಬಾಳಾನ ಕರಿ ಉಡಿದಾರ. ತಾಯಿ ಕಟ್ಟಿದ್ದೆಂದು ಮೀಯುವಾಗಲೂ ಅವನು ಅದನ್ನು ಬಿಚ್ಚಿದವನಲ್ಲ. ಲಾಕಪ್ಪಿಗೆ ಹಾಕುವಾಗ ಸೊಂಟದ ದಾರವನ್ನೂ ಬಿಡುವುದಿಲ್ಲವೆಂದು ಅವಳು ಕೇಳಿದ್ದಳು.

ತಿರುಗಿ ಒಳಗೆ ಬಂದು ಚೀಲವನ್ನು ಪೇದೆಯ ಮೇಜಿನ ಮೇಲಿಟ್ಟಳು. ಉಡಿದಾರ ಮಾತ್ರ ಅವಳ ಮುಷ್ಟಿಯಲ್ಲಿತ್ತು.

"ಸಂಜೆ ಬರೋರ ಉಡಿದಾರ ಯಾಕೆ ಬಿಚ್ಚಿಸಿದ್ರಿ? ಅವ್ರನ್ನ ಎಂತಕ್ಕೆ ಹಿಡಿದದ್ದು ಅಂತ ಕಾಗದದಲ್ಲಿ ಬರೆದುಕೊಡಿ. ಅಲ್ಲೀವರೆಗೆ ನಾ ಇಲ್ಲೇ ಕೂತಿರ್ತೇನೆ."

ಪೇದೆ ಈ ಸಲ ಅಕ್ಕ ಎನ್ನಲಿಲ್ಲ.