ಬಿಳಿ ಕೋಣೆಯ ತೊಟ್ಟಿಲು

ಬಿಚ್ಚಿ ಮತ್ತೆ ಜೋಡಿಸಿದರೂ ತೊಟ್ಟಿಲು ಕುಡಿದವನ ಹಾಗೆ ಒಂದು ಕಡೆಗೆ ವಾಲಿತು. ಅಳಿಯ ಅದರ ಕಾಲು ಹಿಡಿದುಕೊಂಡ. ಕಾಲು ಕೈಗೇ ಬಂತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೆಮ್ಮಿದರು. ಆ ಕೆಮ್ಮಿನಲ್ಲಿ ಒಂದು ಭಾಷಣವೇ ಇತ್ತು.

ಹೆಂಡತಿ ಆಸ್ಪತ್ರೆಯಿಂದ ಹೊರಟಾಗಿತ್ತು, ಮಡಿಲಲ್ಲಿ ಹಸುಗೂಸು. ಅವಳ ಷರತ್ತು ಸ್ಪಷ್ಟ: ತಾನು ಬರುವಷ್ಟರಲ್ಲಿ ತೊಟ್ಟಿಲು ಗಟ್ಟಿಯಾಗಿ ನಿಂತಿರಬೇಕು. ಇಲ್ಲವಾದರೆ ತಾಯಿ-ಮಗು ಅದೇ ಕಾರಿನಲ್ಲಿ ಅವಳ ತವರುಮನೆಗೆ, ಕೂಸು ನಡೆಯಲು ಕಲಿಯುವವರೆಗೆ. ಅಲ್ಲಿ ತೇಗದ ತೊಟ್ಟಿಲು ಕಾದಿತ್ತು, ಮೈತುಂಬ ಗಿಳಿ, ಹಂಸ, ಬಳ್ಳಿ. ಅದು ಬೇಡವೆಂದವನು ಅಳಿಯನೇ. ಅವನಿಗೆ ಸ್ಕ್ಯಾಂಡಿನೇವಿಯನ್ ಹುಚ್ಚು: ಬಿಳಿ ಗೋಡೆ, ತಿಳಿಬಣ್ಣದ ಮರ, ಮೂಲೆಯಲ್ಲೊಂದು ಕಾಗದದ ದೀಪ, ಉಳಿದದ್ದೆಲ್ಲ ಬರೀ ಬಯಲು.

“ಆಸ್ಪತ್ರೆಯಿಂದ ಬರೋ ಕೂಸಿಗೆ ಮನೇಲೂ ಆಸ್ಪತ್ರೆನಾ ಅಳಿಯಂದ್ರೆ?”

“ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತೆ ಅತ್ತೆ,” ಎಂದ ಅವನು, ಜೇನಿನಂಥ ದನಿಯಲ್ಲಿ. ಎಂಥ ಇಕ್ಕಟ್ಟಿನಲ್ಲೂ ಆ ದನಿ ಏರುತ್ತಿರಲಿಲ್ಲ. ಮಗಳು ಮರುಳಾದದ್ದು ಆ ದನಿಗೇ ಎಂದು ಅತ್ತೆಗೆ ಅನುಮಾನ. ಆ ಕೈಗಳಿಗಂತೂ ಮರುಳಾಗಿರಲಾರಳು.

“ಇದು ತೂಗೋದೇ ಇಲ್ವಂತೆ?”

“ಇಲ್ಲ ಅತ್ತೆ. ಸ್ಕ್ಯಾಂಡಿನೇವಿಯಾದ ತೊಟ್ಟಿಲು ತೂಗಲ್ಲ.” ಕೈ ಬಿಟ್ಟ. ತೊಟ್ಟಿಲು ಗಡಗಡ ಅಲುಗಿತು. “ನೋಡಿ, ನಿಮಗೋಸ್ಕರ ತೂಗೋ ಹಾಗೆ ಮಾಡಿದೀನಿ.”

ಅತ್ತೆ ನಗು ನುಂಗಿಕೊಂಡರು.

“ಆಫೀಸಲ್ಲಿ ದಿನವಿಡೀ ಜನಕ್ಕೆ ಸಲಹೆ ಕೊಡ್ತೀರಂತೆ. ಇಲ್ಲಿ ಒಂದು ಸ್ಕ್ರೂ ನೆಟ್ಟಗೆ ಕೂರಲ್ಲ.”

“ಸಲಹೆಗೆ ಬಾಯಿ ಸಾಕು, ಸ್ಕ್ರೂಗೆ ಕೈ ಬೇಕು. ನನ್ನನ್ನ ಮಾಡೋವಾಗ ದೇವರು ಬಾಯಿಗೇ ಎಲ್ಲಾ ಸಾಮಾನು ಖರ್ಚು ಮಾಡಿಬಿಟ್ಟ.”

ಮತ್ತೆ ನೆಲಕ್ಕೆ ಕೂತ. “ಮೊದಲು ನಿಧಾನವಾಗಿ ಉಸಿರೆಳೆದುಕೊಳ್ಳಿ. ಈಗ ಎಡಗಡೆಯ ಪಟ್ಟಿಯನ್ನು ತಿರುಗಿಸಿ ನೋಡಿ,” ಎಂದು ಗೊಣಗಿಕೊಂಡ. ತಿರುಗಿಸಿ ನೋಡಿದ. ಅದು ಬಲಗಡೆಯದು.

“ಯಾರಿಗೆ ಇಷ್ಟು ಮರ್ಯಾದೆ?”

“ನನಗೇ ಅತ್ತೆ. ಇವತ್ತು ಬೇರೆ ಯಾರೂ ಕೊಡೋ ಹಾಗೆ ಕಾಣ್ಲಿಲ್ಲ.”

“ತೊಟ್ಟಿಲು ಬಂದ ಡಬ್ಬದ ಮೇಲೆ ಸಹಾಯದ ನಂಬರ್ ಇದೆಯಲ್ಲ, ಫೋನ್ ಮಾಡಿ ಕೇಳಬಾರದಾ?”

“ಬೇಡ. ಅಲ್ಲಿರೋರಿಗೆ ಮಣ್ಣೂ ಗೊತ್ತಿಲ್ಲ.”

“ಅಷ್ಟು ಖಚಿತವಾಗಿ ಹೇಳ್ತೀರಾ?”

“ಅದೊಂದು ವಿಷಯ ಮಾತ್ರ ಖಚಿತವಾಗಿ ಹೇಳ್ತೀನಿ.”

ಹೊರಗೆ ಕಾರಿನ ಬಾಗಿಲು ಬಡಿಯಿತು. ಅಳಿಯನ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಅತ್ತೆಗೆ ಒಂದು ಕಡೆ ಮೊಮ್ಮಗಳು ತಮ್ಮ ಮನೆಗೆ ಬರಲೆಂಬ ಆಸೆ, ಇನ್ನೊಂದು ಕಡೆ ನೆಲದ ಮೇಲೆ ಕೂತವನ ಮೇಲೆ ಕನಿಕರ. ಕನಿಕರ ಗೆದ್ದಿತು. ತಮ್ಮ ಮೊಬೈಲಿನಲ್ಲಿ ಆ ನಂಬರ್ ಒತ್ತಿ ಸ್ಪೀಕರ್ ಹಾಕಿದರು.

“ಅತ್ತೆ, ಬೇಡ!” ಜೇನಿನ ದನಿ ಮೊದಲ ಸಲ ಒಡೆಯಿತು.

ಅಷ್ಟರಲ್ಲಿ ಹೆಂಡತಿ ಕೂಸನ್ನೆತ್ತಿಕೊಂಡು ಹೊಸ್ತಿಲಿಗೆ ಬಂದಳು. ವಾಲಿದ ತೊಟ್ಟಿಲನ್ನು ನೋಡಿದಳು, ಗಂಡನ ಕೈಯಲ್ಲಿದ್ದ ಕಾಲನ್ನು ನೋಡಿದಳು. ಹಿಂದೆ ತಿರುಗಿ ಡ್ರೈವರ್‌ಗೆ ಹೇಳಿದಳು, “ಸ್ವಲ್ಪ ಇರಪ್ಪ, ಹೋಗಬೇಡ.”

ಫೋನಿನಲ್ಲಿ ಹುಡುಗಿಯೊಬ್ಬಳು ಅತ್ತೆಯ ಗೋಳನ್ನೆಲ್ಲ ಕೇಳಿಸಿಕೊಂಡಳು.

“ಅಯ್ಯೋ ಅಮ್ಮ, ತೊಟ್ಟಿಲು ಅಂದ್ರೆ ನಮ್ಮಲ್ಲಿ ಒಬ್ಬರೇ ಒಬ್ಬ ಸರ್ ಇದ್ದಾರೆ, ಎಷ್ಟೋ ಮನೆಗಳಿಗೆ ಫೋನಲ್ಲೇ ಜೋಡಿಸಿ ಕೊಟ್ಟಿದ್ದಾರೆ. ಏನ್ಮಾಡೋದು, ಇವತ್ತು ಅವರು ರಜೆ, ಅವರ ಪಾಪು ಮನೆಗೆ ಬರ್ತಿದೆ!”